ಫಾಲೋಅಪ್ ಬ್ರದರ್

ಬೆಂಗಳೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ ‘ಬ್ಯಾಪ್ಟಿಸ್ಟ್ ಎಲ್ಲಿ ಬರುತ್ತೆ?’ ಎಂದು ಕೇಳಿದರೆ ಕೈ ಹೆಬ್ಬಾಳದ ಕಡೆಗೆ ಹೋಗುತ್ತದೆ. ಬಳ್ಳಾರಿ ರಸ್ತೆಯಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ ಊರಿಗೆಲ್ಲ ಗೊತ್ತು. ಅದನ್ನು ಶುರುಮಾಡಿದವರು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ನಿನವರು ಎಂಬುದಾಗಲಿ, ಆ ಹೆಸರಿನ ಒಂದು ಪಂಥವೇ ಇದೆ ಎಂಬುದಾಗಲಿ ಅಲ್ಲೇ ಹುಟ್ಟಿದವರಿಗೂ ಗೊತ್ತಿರುವುದಿಲ್ಲ. ಹೀಗಿರುವಾಗ, ಕಾಡುಗೋಡಿಯ ಪಿಜಿಯೊಂದರಲ್ಲಿ ‘ಭಾನುವಾರ ಬೆಳಿಗ್ಗೆ ಬ್ಯಾಪ್ಟಿಸ್ಟ್ ಕ್ಲಾಸಿದೆ ಆಂಟಿ, ತಿಂಡಿ ಬೇಗ ಬೇಕು’ ಎಂದ ಹುಡುಗಿಗೆ ಆಂಟಿ ‘ನರ್ಸಿಂಗ್ ಸೇರ್ಕೊಂಡ್ಯೇನಮ್ಮ? ಕಂಪ್ಯೂಟರ್ ಕೆಲ್ಸ ಬಿಟ್ಟೇಬಿಟ್ಯಾ?’ ಎಂದು ಗಾಬರಿಬಿದ್ದರೆ ಅದು ಆಂಟಿಯ ತಪ್ಪಲ್ಲ.

ಆ ಕ್ಲಾಸಿನ ಪೂರ್ತಿ ಹೆಸರು ಶಿಷ್ಯತ್ವ ತರಗತಿ. ಅದನ್ನು ನಡೆಸುವವರಿಗೆ ಸಭೆಯವರು, ಎಂದರೆ ಚರ್ಚಿನವರು, ಬೆನ್ನ ಹಿಂದೆ ಇಟ್ಟಿರುವ ಹೆಸರು ಫಾಲೋಅಪ್ ಬ್ರದರ್. ವೈಟ್‌ಫೀಲ್ಡಿಗೆ ಹೋದರೂ ಒಬ್ಬರು ಸಿಗುತ್ತಾರೆ, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡತೋಗೂರಿಗೆ ಹೋದರೂ ಒಬ್ಬರು, ಪೀಣ್ಯದ ಮಗ್ಗುಲಿನ ಹೆಗ್ಗನಹಳ್ಳಿಗೆ ಹೋದರೂ ಒಬ್ಬರು. ಮುಖ ಬೇರೆ, ಸ್ಕೂಟರ್ ಬೇರೆ, ಆಸಾಮಿ ಒಂದೇ. ಪಾಸ್ಟರ್ ಮರೆತದ್ದು ಇವರಿಗೆ ನೆನಪಿರುತ್ತದೆ. ನೀವು ಮರೆತುಹೋಗಲಿ ಎಂದು ಹಾರೈಸಿದ್ದೂ ನೆನಪಿರುತ್ತದೆ.

ವೈಟ್‌ಫೀಲ್ಡಿನ ಮಾದರಿಯನ್ನೇ ಹತ್ತಿರದಿಂದ ನೋಡೋಣ. ವಯಸ್ಸು ನಲವತ್ತರ ಮೇಲೆ ಒಂದೆರಡು. ವಾರಕ್ಕೆ ಐದು ದಿನ ಟೆಕ್ ಪಾರ್ಕಿನಲ್ಲಿ ಡೆಲಿವರಿ ಮ್ಯಾನೇಜರ್. ಇಸ್ತ್ರಿ ಮಾಡಿದ ಫುಲ್ ತೋಳಿನ ಅಂಗಿ, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಆಫೀಸಿನ ಐಡಿ ಕಾರ್ಡನ್ನು ಭಾನುವಾರವೂ ಮರೆತು ಹಾಕಿಕೊಂಡು ಬಂದು, ಪ್ರಾರ್ಥನೆಗೆ ತಲೆ ಬಗ್ಗಿಸಿದಾಗ ಅದು ಕುರ್ಚಿಗೆ ಟಣ್ಣೆಂದು ಬಡಿದ ಮೇಲೆ ತೆಗೆದು ಜೇಬಿಗೆ ಹಾಕುತ್ತಾರೆ. ಕಾರ್ಡಿನ ಚೀಲದೊಳಗೆ, ಗೇಟು ತೆರೆಯುವ ಕಾರ್ಡಿನ ಹಿಂಬದಿಯಲ್ಲಿ, ಆ ವಾರ ಕಂಠಪಾಠ ಮಾಡಬೇಕಾದ ಬೈಬಲ್ ವಾಕ್ಯದ ಚೀಟಿ ಇರುತ್ತದೆ. 1930ರ ದಶಕದಲ್ಲಿ ಡಾಸನ್ ಟ್ರಾಟ್‌ಮನ್ ಎಂಬಾತ ಅಮೆರಿಕದ ನೌಕಾಪಡೆಯ ಹುಡುಗರನ್ನು ಕೂರಿಸಿಕೊಂಡು ಇಂಥ ವಾಕ್ಯದ ಚೀಟಿಗಳನ್ನು ಬಾಯಿಪಾಠ ಮಾಡಿಸಿ ‘ನ್ಯಾವಿಗೇಟರ್ಸ್’ ಎಂಬ ಸಂಸ್ಥೆಯನ್ನೇ ಕಟ್ಟಿದ. ಹಡಗಿನಲ್ಲಿ ಶಿಷ್ಯರಿಗೆ ಓಡಿಹೋಗಲು ಜಾಗವಿರಲಿಲ್ಲ. ಅದೊಂದು ಅನುಕೂಲ ವೈಟ್‌ಫೀಲ್ಡಿನಲ್ಲಿಲ್ಲ.

ಇವರ ಪ್ರಾಣ ಇರುವುದು ಒಂದು ಎಕ್ಸೆಲ್ ಶೀಟಿನಲ್ಲಿ. ಹೆಸರು, ಫೋನು, ಪಿಜಿ ಅಥವಾ ಮನೆ, ಶಿಫ್ಟು, ಯಾವ ಪಾಠದವರೆಗೆ ಬಂದಿದ್ದಾರೆ, ಕೊನೆಯ ಕರೆ ಯಾವಾಗ, ಅದಕ್ಕೆ ಬಂದ ಸಬೂಬು. ಬರುತ್ತಿರುವವರು ಹಸಿರು, ಎರಡು ವಾರ ತಪ್ಪಿಸಿದವರು ಹಳದಿ, ಮೂರು ತಪ್ಪಿಸಿದವರು ಕೆಂಪು. ಪಾಸ್ಟರಿಗೆ ಆ ಶೀಟನ್ನು ಕಂಡರೆ ಸ್ವಲ್ಪ ಭಯ. ಹೋದ ವರ್ಷ ಅದರಲ್ಲಿ ಅವರ ಹೆಸರೂ ಒಂದು ವಾರ ಹಳದಿಯಾಗಿತ್ತು.

ಇಷ್ಟೆಲ್ಲ ಯಾಕೆ ಬೇಕು ಎಂದು ಹೊರಗಿನವರು ಕೇಳಬಹುದು. ಬೇಕಾಗುವುದಕ್ಕೆ ಕಾರಣವಿದೆ. ಬ್ಯಾಪ್ಟಿಸ್ಟರಲ್ಲಿ ಹುಟ್ಟಿನಿಂದ ಯಾರೂ ಬ್ಯಾಪ್ಟಿಸ್ಟರಲ್ಲ. ಎಳೆಗೂಸಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿಯೇ ಇಲ್ಲ. ಬುದ್ಧಿ ತಿಳಿದ ಮೇಲೆ, ತಾನೇ ಬಾಯಿಬಿಟ್ಟು ನಂಬುತ್ತೇನೆ ಎಂದವರನ್ನು ಮಾತ್ರ ನೀರಿನಲ್ಲಿ ಮುಳುಗಿಸುತ್ತಾರೆ. ಅಪ್ಪ ಹಿರಿಯರ ಮಂಡಳಿಯಲ್ಲಿದ್ದರೂ ಅಷ್ಟೇ, ಅಜ್ಜ ಪಾಸ್ಟರ್ ಆಗಿದ್ದರೂ ಅಷ್ಟೇ. ಈ ದಾರಿ ಹಿಡಿದ ಮೊದಲಿಗರಲ್ಲಿ ಒಬ್ಬ ಇಂಗ್ಲೆಂಡಿನಿಂದ ಓಡಿಹೋಗಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಜಾನ್ ಸ್ಮಿತ್. 1609ರಲ್ಲಿ ತನಗೆ ದೀಕ್ಷಾಸ್ನಾನ ಕೊಡಲು ಯೋಗ್ಯರಾದವರು ಯಾರೂ ಕಾಣಲಿಲ್ಲವೆಂದು ಆತ ತನ್ನ ತಲೆಯ ಮೇಲೆ ತಾನೇ ನೀರು ಸುರಿದುಕೊಂಡ, ಆಮೇಲೆ ಉಳಿದವರಿಗೆ ಕೊಟ್ಟ. ಫಾಲೋಅಪ್ ಬ್ರದರ್ ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತಾರೆ, ಆದರೆ ಒಂದು ಬಗೆಯ ಅಸಮಾಧಾನದಿಂದ. ಪಾಠ ಮುಗಿಸದೆ, ಹಾಜರಿ ಇಲ್ಲದೆ, ಯಾರ ಒಪ್ಪಿಗೆಯೂ ಇಲ್ಲದೆ! ಪ್ರೊಸೆಸ್ ಅಂತ ಒಂದು ಬೇಡವೇ?

ಇನ್ನೊಂದು ಕಾರಣ, ಬ್ಯಾಪ್ಟಿಸ್ಟರಲ್ಲಿ ಪ್ರತಿ ಸಭೆಯೂ ಸ್ವತಂತ್ರ. ಮೇಲಿನಿಂದ ಸುತ್ತೋಲೆ ಕಳಿಸುವ ಬಿಷಪ್ಪರಿಲ್ಲ. ಆದ್ದರಿಂದ ಈ ತರಗತಿಗೆ ಇದೇ ಪಠ್ಯ, ಇಷ್ಟೇ ವಾರ ಎಂದು ಎಲ್ಲಿಯೂ ಕಟ್ಟುಪಾಡಿಲ್ಲ. ಒಂದು ಸಭೆಯಲ್ಲಿ ನಾಲ್ಕು ವಾರ, ಮತ್ತೊಂದರಲ್ಲಿ ಆರು ತಿಂಗಳು. ಪಠ್ಯ ಬರೆಯುವ ಸ್ವಾತಂತ್ರ್ಯವನ್ನು ಡೆಲಿವರಿ ಮ್ಯಾನೇಜರ್ ಒಬ್ಬನ ಕೈಗೆ ಕೊಟ್ಟರೆ ಏನಾಗುತ್ತದೋ ಅದೇ ಆಗಿದೆ: ಹನ್ನೆರಡು ವಾರ, ಎಂಬತ್ತು ಸ್ಲೈಡು, ಪ್ರತಿ ಸ್ಲೈಡಿನಲ್ಲೂ ಒಂದು ಬಾಣದ ಗುರುತು. ರಕ್ಷಣೆಯ ನಿಶ್ಚಯದಿಂದ ಶುರು, ಪ್ರಾರ್ಥನೆ, ವಾಕ್ಯ ಓದುವುದು, ದೀಕ್ಷಾಸ್ನಾನ, ಕರ್ತನ ಭೋಜನ, ಶೋಧನೆ, ಕಾಣಿಕೆ, ಸಾಕ್ಷಿ, ಕೊನೆಗೆ ಸಭೆಯ ಒಡಂಬಡಿಕೆಗೆ ಸಹಿ.

ಇದರಲ್ಲಿ ಒಂದು ಸ್ಲೈಡಿನದು ಮಾತ್ರ ದೊಡ್ಡ ಕಥೆ. ಕ್ಯಾಲಿಫೋರ್ನಿಯಾದ ಬ್ಯಾಪ್ಟಿಸ್ಟ್ ಪಾಸ್ಟರ್ ರಿಕ್ ವಾರೆನ್ 1995ರಲ್ಲಿ ಬರೆದ ಪುಸ್ತಕದಲ್ಲಿ ಹೊಸ ಸದಸ್ಯ ಬೆಳೆಯುವ ಬಗೆಯನ್ನು ಬೇಸ್‌ಬಾಲ್ ಮೈದಾನದ ಚಿತ್ರ ಬರೆದು ತೋರಿಸಿದ್ದಾರೆ. ಮೊದಲ ಬೇಸಿಗೆ 101ನೇ ತರಗತಿ, ಎರಡನೆಯದಕ್ಕೆ 201, ಹೀಗೆ ನಾಲ್ಕು ಬೇಸು ಸುತ್ತಿ ಮನೆಗೆ. ಬೇಸ್‌ಬಾಲ್ ನಮ್ಮವರಿಗೆ ತಿಳಿಯುವುದಿಲ್ಲವೆಂದು ಫಾಲೋಅಪ್ ಬ್ರದರ್ ಎರಡು ರಾತ್ರಿ ಕೂತು ಅದನ್ನು ಕ್ರಿಕೆಟ್ಟಿಗೆ ಒಗ್ಗಿಸಿದರು. ಪ್ರೊಜೆಕ್ಟರಿನಲ್ಲಿ ಪಿಚ್ಚು ಮೂಡಿತು. ಹಿಂದಿನ ಸಾಲಿನಿಂದ ಒಬ್ಬ ಕೈಯೆತ್ತಿದ. ‘ಬ್ರದರ್, ಕ್ರಿಕೆಟ್ಟಲ್ಲಿ ಎರಡೇ ತುದಿ ಇರೋದು. ಎಷ್ಟು ಓಡಿದ್ರೂ ಮತ್ತೆ ಅದೇ ಕ್ರೀಸಿಗೆ ಬರ್ತೀವಲ್ಲ?’ ಬ್ರದರ್ ಯೋಚಿಸಿದರು. ಸ್ಲೈಡು ಇನ್ನೂ ಇದೆ. ಶೀರ್ಷಿಕೆಯನ್ನು ಮಾತ್ರ ‘ಹಿನ್ನಡೆಗಳು’ ಎಂದು ಬದಲಾಯಿಸಿದ್ದಾರೆ.

ತರಗತಿ ನಡೆಯುವುದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಆರಾಧನೆಗೆ ಮುಂಚೆ. ಮೆಟ್ಟಿಲಿನ ಬಾಯಲ್ಲಿ ಪೇಂಟಿನ ಡಬ್ಬ, ಪಿವಿಸಿ ಪೈಪು. ಮೇಲೆ ನೀಲಿ ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ಗೋಡೆಗೆ ಒರಗಿಸಿದ ಎರಡು ಸ್ಪೀಕರು. ಕೂರುವವರೆಲ್ಲ ಬೇರೆ ಕಡೆಯಿಂದ ಬಂದವರು: ವಿಜಯವಾಡದ ಟೆಸ್ಟಿಂಗ್ ಎಂಜಿನಿಯರು, ಹಾಸನದ ನರ್ಸು, ನಾಗಾಲ್ಯಾಂಡಿನ ಇಬ್ಬರು ಸಲೂನ್ ಹುಡುಗಿಯರು, ಕೊಟ್ಟಾಯಂನ ಅಕೌಂಟೆಂಟು, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಸೆಕ್ಯುರಿಟಿ ಗಾರ್ಡು. ಹಾಗೆ ನೋಡಿದರೆ ವೈಟ್‌ಫೀಲ್ಡ್ ಹುಟ್ಟಿದ್ದೇ ಹೊರಗಿನವರಿಗಾಗಿ. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ನೆಲೆಗೆಂದು ಸುಮಾರು 3,900 ಎಕರೆ ಕೊಟ್ಟರು. ಅದಕ್ಕೆ ಓಡಾಡಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಇವತ್ತಿಗೂ ‘ನಿಮ್ಮೂರು ಯಾವುದು?’ ಎಂದರೆ ವೈಟ್‌ಫೀಲ್ಡ್ ಎನ್ನುವವರನ್ನು ಹುಡುಕಬೇಕು.

ಗಾರ್ಡು ಎರಡನೇ ಸ್ಲೈಡಿಗೆ ನಿದ್ದೆ ಹೋಗುತ್ತಾನೆ. ಬ್ರದರ್ ಎಬ್ಬಿಸುವುದಿಲ್ಲ. ಹಾಜರಿಗೆ ಮಾತ್ರ ಟಿಕ್ ಹಾಕುತ್ತಾರೆ.

ಮೂರನೇ ವಾರಕ್ಕೆ ಸಾಮಾನ್ಯವಾಗಿ ಬಂಡಾಯ. ಟೆಸ್ಟಿಂಗ್ ಎಂಜಿನಿಯರಿಗೆ ತಪ್ಪು ಹುಡುಕುವುದು ಕಸುಬು. ಸತ್ಯವೇದವನ್ನೂ ಆತ ಅದೇ ಕಣ್ಣಿನಿಂದ ಓದಿರುತ್ತಾನೆ. ‘ಅಣ್ಣಾ, ಅಪೊಸ್ತಲರ ಕೃತ್ಯಗಳು ಎಂಟನೇ ಅಧ್ಯಾಯದಲ್ಲಿ ಆ ಐಥಿಯೋಪ್ಯದ ಕಂಚುಕಿ ಇದಾನಲ್ಲ, ರಥ ನಿಲ್ಲಿಸಿ ದಾರೀಲೇ ದೀಕ್ಷಾಸ್ನಾನ ತಗೊಂಡ. ಅವನಿಗೆ ಹನ್ನೆರಡು ವಾರ ಎಲ್ಲಿ?’

ಬ್ರದರ್ ಈ ಪ್ರಶ್ನೆಗಾಗಿ ಕಾದು ಕೂತಿರುತ್ತಾರೆ. ‘ಫಿಲಿಪ್ಪ ಹತ್ತೋ ಹೊತ್ತಿಗೆ ಅವನು ಏನು ಮಾಡ್ತಿದ್ದ? ಯೆಶಾಯನ ಪುಸ್ತಕ ಓದ್ತಿದ್ದ. ಜೋರಾಗಿ ಓದ್ತಿದ್ದ. ಹೋಂವರ್ಕ್ ಮುಗಿದಿತ್ತು ಬ್ರದರ್. ನಿಮ್ಮದು ಮುಗಿದಿದೆಯಾ?’

‘ಪಂಚಾಶತ್ತಮ ದಿನ ಒಂದೇ ದಿನಕ್ಕೆ ಮೂರು ಸಾವಿರ ಜನ?’

‘ಅವರೆಲ್ಲ ಎಲ್ಲೆಲ್ಲಿಂದಲೋ ಯೆರೂಸಲೇಮಿಗೆ ಹಬ್ಬಕ್ಕೆ ಬಂದವರು. ಭಕ್ತರು. ನೀವು ಹೊಸ್ಕೋಟೆಯಿಂದ ಬರೋದಕ್ಕೇ ಟ್ರಾಫಿಕ್ ಅಂತೀರಿ.’

ವಿಜಯವಾಡದವನ ಬಳಿ ಕೊನೆಯ ಬಾಣವೂ ಇದೆ. ಅವನ ತಾಯಿಯ ಕಡೆಯವರು ಒಂಗೋಲಿನವರು. 1878ರ ಜುಲೈ 3ರಂದು ಒಂಗೋಲಿನ ಹತ್ತಿರ ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಬೋಧಕರು ಸರದಿಯ ಮೇಲೆ ನೀರಿಗಿಳಿದರು. ‘ನಮ್ಮ ಮುತ್ತಜ್ಜಿ ಅದರಲ್ಲಿ ಒಬ್ಬರು. ಅವರಿಗೆ ಸ್ಲೈಡ್ ತೋರಿಸಿದ್ರಾ?’

ಇಲ್ಲಿ ಫಾಲೋಅಪ್ ಬ್ರದರ್ ಎದ್ದುನಿಲ್ಲುತ್ತಾರೆ. ಅವರಿಗೆ ಅತ್ಯಂತ ಪ್ರಿಯವಾದ ಕಥೆಯೇ ಇದು, ಬೇರೆ ಕಾರಣಕ್ಕೆ. ಅಲ್ಲಿನ ಮಿಷನರಿ ಜಾನ್ ಕ್ಲೌ ಸರ್ವೆ ಕೆಲಸ ಬಲ್ಲವರು. 1876–78ರ ದೊಡ್ಡ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲವು ಮೈಲಿ ಅಗೆತವನ್ನು ಕಂಟ್ರಾಕ್ಟು ಹಿಡಿದು, ಹಸಿದವರಿಗೆ ಕೂಲಿ ಕೊಟ್ಟು ಕೆಲಸ ಮಾಡಿಸಿದರು. ಸಾವಿರಾರು ಜನ ದೀಕ್ಷಾಸ್ನಾನ ಕೇಳಿಕೊಂಡು ಬಂದರು. ಕ್ಲೌ ಕೊಡಲಿಲ್ಲ. ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ವರ್ಷಕ್ಕೂ ಮೀರಿ ಕಾಯಿಸಿದರು, ಪರಿಹಾರದ ಕೆಲಸ ಮುಗಿಯುವ ತನಕ. ‘ಎರಡು ಸಾವಿರದ ಇನ್ನೂರ ಇಪ್ಪತ್ತೆರಡು ನಿಮಗೆ ಕಾಣುತ್ತೆ. ಅದರ ಹಿಂದಿನ ವೇಯ್ಟಿಂಗ್ ಲಿಸ್ಟ್ ಕಾಣಲ್ಲ. ಇಲ್ಲಿ ಕೇಳೋದು ಹನ್ನೆರಡೇ ವಾರ!’ ವಿಜಯವಾಡದವನು ಕೂತುಕೊಳ್ಳುತ್ತಾನೆ. ವಾದಕ್ಕೆ ಎಂದರೆ ಇವರನ್ನು ಸೋಲಿಸುವುದು ಕಷ್ಟ. ಇತಿಹಾಸದಲ್ಲಿ ನಿಧಾನವಾಗಿ ನಡೆದದ್ದನ್ನೆಲ್ಲ ಇವರು ಗುರುತು ಹಾಕಿ ಇಟ್ಟುಕೊಂಡಿದ್ದಾರೆ.

ಎಂಟನೇ ವಾರ ದಶಮಾಂಶದ ಪಾಠ. ಆ ದಿನ ಹಾಜರಿ ಕಡಿಮೆ, ಬಂದವರ ಪ್ರಶ್ನೆ ಜಾಸ್ತಿ. ಹತ್ತರಲ್ಲಿ ಒಂದು ಪಾಲು ಎನ್ನುವುದು ದನಕರು, ದವಸ ಧಾನ್ಯ ಇದ್ದ ಕಾಲಕ್ಕೆ ಸಲೀಸು. ಟೆಕ್ ಪಾರ್ಕಿನಲ್ಲಿ ಸಲೀಸಲ್ಲ. ಸಿಟಿಸಿ ಮೇಲೋ, ಕೈಗೆ ಬರುವುದರ ಮೇಲೋ? ಪಿಎಫ್ ಕಳೆದೋ, ಕಳೆಯದೆಯೋ? ಕಂಪನಿಯ ಷೇರು ಕೊಟ್ಟರೆ ಅದು ಕೈಗೆ ಬಂದ ದಿನದ ಬೆಲೆಗೋ, ಮಾರಿದ ದಿನದ ಬೆಲೆಗೋ? ಬಾಡಿಗೆ ರಸೀದಿ ಕೊಟ್ಟು ತೆರಿಗೆ ಉಳಿಸಿದರೆ, ಆ ಉಳಿದದ್ದು ಆದಾಯವೋ? ಕೊಟ್ಟಾಯಂನ ಅಕೌಂಟೆಂಟು ಮೊಬೈಲಿನಲ್ಲಿ ಲೆಕ್ಕ ಹಾಕಿ, ಎರಡು ಬಗೆಯಲ್ಲಿ ಹಿಡಿದರೆ ವರ್ಷಕ್ಕೆ ಎಷ್ಟು ವ್ಯತ್ಯಾಸ ಬರುತ್ತದೆಂದು ತೋರಿಸುತ್ತಾನೆ. ಬ್ರದರ್ ಬೆವರುತ್ತಾರೆ. ಕೊನೆಗೆ ಪಾಸ್ಟರನ್ನು ಕರೆಸುತ್ತಾರೆ. ಪಾಸ್ಟರ್ ಬಾಗಿಲಲ್ಲೇ ನಿಂತು ‘ಹೃದಯಪೂರ್ವಕವಾಗಿ ಕೊಡಿ’ ಎಂದು ಹೇಳಿ ಹೊರಟುಹೋಗುತ್ತಾರೆ. ಎಕ್ಸೆಲ್ ಶೀಟಿನಲ್ಲಿ ಹೃದಯಕ್ಕೆ ಕಾಲಮ್ಮಿಲ್ಲ. ರಾತ್ರಿ ಪಾಳಿಯ ಗಾರ್ಡು ಮಾತ್ರ ಎದ್ದು, ಪ್ಯಾಂಟಿನ ಜೇಬಿನಿಂದ ಮಡಿಚಿದ ಕವರು ತೆಗೆದು ಮೇಜಿನ ಮೇಲಿಟ್ಟು ಮತ್ತೆ ಕಣ್ಣು ಮುಚ್ಚುತ್ತಾನೆ. ಅವನ ಸಂಬಳಕ್ಕೆ ಸಿಟಿಸಿಯೂ ಒಂದೇ, ಕೈಗೆ ಬರುವುದೂ ಹೆಚ್ಚುಕಡಿಮೆ ಒಂದೇ.

ಸಾಕ್ಷಿಯ ಪಾಠ ಇನ್ನೂ ಪೇಚಿನದು. ದೀಕ್ಷಾಸ್ನಾನಕ್ಕೆ ಮುಂಚೆ ಸಭೆಯ ಮುಂದೆ ನಿಂತು ತನ್ನ ಬದುಕು ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಹೇಳಬೇಕು. ಸಭೆ ಕೇಳಿ, ಒಪ್ಪಿ, ಕೈಯೆತ್ತಬೇಕು. ಬ್ಯಾಪ್ಟಿಸ್ಟರಲ್ಲಿ ಇಂಥದ್ದೆಲ್ಲ ಸದಸ್ಯರ ಮತದಿಂದಲೇ. ಬ್ರದರ್ ಮೂರು ನಿಮಿಷ ನಿಗದಿ ಮಾಡಿ, ಮೊಬೈಲಿನಲ್ಲಿ ಅಲಾರಂ ಇಟ್ಟು ಅಭ್ಯಾಸ ಮಾಡಿಸುತ್ತಾರೆ. ಹಿಂದೆ ಕುಡಿದು ಮನೆ ಹಾಳುಮಾಡಿಕೊಂಡಿದ್ದ ಟೆಂಪೊ ಡ್ರೈವರಿಗೆ ಮೂರು ನಿಮಿಷ ಸಾಲುವುದೇ ಇಲ್ಲ. ಅವನು ಇನ್ನೂ ನೆಲಮಂಗಲದ ಬಾರು ದಾಟಿರುವುದಿಲ್ಲ, ಅಲಾರಂ ಹೊಡೆಯುತ್ತದೆ. ಜನ ‘ಹೇಳ್ಲಿ ಬಿಡಿ ಬ್ರದರ್’ ಎನ್ನುತ್ತಾರೆ. ಹಾಸನದ ನರ್ಸಿನ ಕಷ್ಟ ಬೇರೆ. ಸಂಡೇ ಸ್ಕೂಲಿನಲ್ಲಿ ಬೆಳೆದವಳು, ಸುಳ್ಳು ಹೇಳಿದ್ದೂ ಅಪರೂಪ. ‘ಮೊದಲು ನಾನು ಬೆಳಿಗ್ಗೆ ಆರಕ್ಕೆ ಏಳ್ತಿದ್ದೆ. ಈಗ್ಲೂ ಆರಕ್ಕೇ ಏಳ್ತೀನಿ.’ ಹದಿನೈದು ಸೆಕೆಂಡಿಗೆ ಮುಗಿಯಿತು. ‘ಸಿಸ್ಟರ್, ಸ್ವಲ್ಪ ಯೋಚನೆ ಮಾಡಿ. ಏನಾದ್ರೂ ಇದ್ದೇ ಇರುತ್ತೆ’ ಎಂದು ಬ್ರದರ್ ಅಂಗಲಾಚುತ್ತಾರೆ. ಮುಂದಿನ ವಾರ ಅವಳು ಬಂದು, ಹಾಸ್ಟೆಲಿನಲ್ಲಿ ಒಮ್ಮೆ ರೂಮ್‌ಮೇಟಿನ ಉಪ್ಪಿನಕಾಯಿ ಕೇಳದೆ ತಿಂದದ್ದನ್ನು ಕಣ್ಣೀರಿನೊಂದಿಗೆ ಹೇಳಿದಳು. ಸಭೆ ಒಮ್ಮತದಿಂದ ಕೈಯೆತ್ತಿತು.

ತರಗತಿಯ ಭಾಷೆ ಕನ್ನಡ. ಅಂದರೆ, ಬ್ರದರ್ ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ವಿವರಿಸಿ, ಇಂಗ್ಲಿಷಿನಲ್ಲಿ ಗದರಿಸಿ, ಹಿಂದಿಯಲ್ಲಿ ಕ್ಷಮೆ ಕೇಳುತ್ತಾರೆ. ಆದರೆ ಕನ್ನಡ ಕಲಿಯಲೇಬೇಕೆಂಬ ಹಟ ಅವರದು. ಕನ್ನಡ ಸತ್ಯವೇದದಿಂದ ದಿನಕ್ಕೆ ಐದು ವಾಕ್ಯ ಗಟ್ಟಿಯಾಗಿ ಓದಿಸುತ್ತಾರೆ. ಫಲ ಕಾಣಿಸಿದೆ. ಕೊಟ್ಟಾಯಂನ ಅಕೌಂಟೆಂಟು ಆರು ತಿಂಗಳಲ್ಲಿ ಕನ್ನಡ ಕಲಿತ, ಎಲ್ಲವನ್ನೂ ಅಲ್ಲಿಂದಲೇ ಕಲಿತ. ಒಂದು ಸಂಜೆ ಆಟೋ ಅಡ್ಡಗಟ್ಟಿ ‘ಅಯ್ಯಾ, ನನ್ನನ್ನು ಹೋಪ್ ಫಾರ್ಮಿನ ತನಕ ಕರೆದುಕೊಂಡು ಹೋಗುವಿಯೋ?’ ಎಂದು ಕೇಳಿದನಂತೆ. ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಮೀಟರ್ ಮೇಲೆ ಮೂವತ್ತು ದಯಪಾಲಿಸುವಿರೋ?’ ಎಂದನಂತೆ.

ಹೊರಗಿನವರು ಕನ್ನಡಕ್ಕೆ ಕೈಹಾಕುವುದು ಬ್ಯಾಪ್ಟಿಸ್ಟರಲ್ಲಿ ಹಳೆಯ ರೂಢಿ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದಿಳಿದು, ಕನ್ನಡ ನಾಡಿಗೆ ಒಮ್ಮೆಯೂ ಕಾಲಿಡದೆ, ಶ್ರೀರಾಮಪುರದಲ್ಲಿ ಕೂತು 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚುಹಾಕಿಸಿದ. ಫಾಲೋಅಪ್ ಬ್ರದರಿಗೆ ಕೇರಿಯ ವ್ಯಾಕರಣಕ್ಕಿಂತ ಅವನ ಇನ್ನೊಂದು ದಾಖಲೆ ಹೆಚ್ಚು ಆಪ್ತ. ಬಂದ ಮೇಲೆ ಏಳು ವರ್ಷ ಒಬ್ಬ ಬಂಗಾಳಿಗೂ ದೀಕ್ಷಾಸ್ನಾನ ಕೊಡಲಾಗಲಿಲ್ಲ. 1800ರ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಗಿಳಿದಾಗಲೇ ಮೊದಲ ಲೆಕ್ಕ. ಶೀಟಿನಲ್ಲಿ ಕೆಂಪು ಜಾಸ್ತಿಯಾದ ರಾತ್ರಿ ಬ್ರದರ್ ಹೆಂಡತಿಗೆ ಇದನ್ನು ಹೇಳುತ್ತಾರೆ. ‘ಏಳು ವರ್ಷ ಕಣೇ! ಒಂದೂ ರಿಲೀಸ್ ಇಲ್ಲ!’ ಹೆಂಡತಿ ದೋಸೆಹಿಟ್ಟು ಫ್ರಿಜ್ಜಿಗಿಡುತ್ತಾ, ‘ರೀ, ಆಗ ವಾಟ್ಸಾಪ್ ಇರ್ಲಿಲ್ಲ. ಜನ ಬೇಜಾರಾಗಿ ಓಡಿಹೋಗಿದ್ದಲ್ಲ’ ಎನ್ನುತ್ತಾರೆ.

ಆಕೆಯ ಮಾತಿನಲ್ಲಿ ಹುರುಳಿದೆ. ಶನಿವಾರ ಸಂಜೆ ಏಳಕ್ಕೆ ‘ಒಂದು ಚಿಕ್ಕ ರಿಮೈಂಡರ್ ಬ್ರದರ್’, ಎಂಟಕ್ಕೆ ಅದೇ ಮೆಸೇಜು ಕೈಮುಗಿದ ಚಿತ್ರದೊಂದಿಗೆ, ಒಂಬತ್ತಕ್ಕೆ ಫೋನು, ಭಾನುವಾರ ಬೆಳಿಗ್ಗೆ ಏಳಕ್ಕೆ ‘ಎದ್ರಾ?’ ಜನರ ಬಳಿ ಇದ್ದ ಒಂದೇ ಗುರಾಣಿ ಟ್ರಾಫಿಕ್ಕು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡಿನ ತನಕ ಬಂದು ಅದೂ ಹೋಯಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಶಿಷ್ಯರೂ ನಿರಾಯುಧರಾದರು. ಆ ದಿನ ಉದ್ಘಾಟನೆಗೆ ಬಂದ ಪ್ರಧಾನಿಗಿಂತ ಹೆಚ್ಚು ಖುಷಿಪಟ್ಟವರು ಯಾರೆಂದು ಬೇರೆ ಹೇಳಬೇಕಿಲ್ಲ.

ಪೀಣ್ಯದ ಫಾಲೋಅಪ್ ಬ್ರದರ್ ಇದೇ ಕುಲದವರಾದರೂ ಬೇರೆ ಎರಕ. ಅವರು ಸಿಎನ್‌ಸಿ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಎಕ್ಸೆಲ್ ಗೊತ್ತಿಲ್ಲ, ಉದ್ದನೆಯ ರೂಳು ರಿಜಿಸ್ಟರು. ಶಿಷ್ಯರೆಲ್ಲ ಟರ್ನರು, ಫಿಟ್ಟರು, ಗಾರ್ಮೆಂಟ್ಸ್ ಹೆಂಗಸರು; ಮೂರು ಶಿಫ್ಟಿನಲ್ಲಿ ಹಂಚಿಹೋದವರು. ಓಟಿ ಇದ್ದರೆ ಭಾನುವಾರವೂ ಇಲ್ಲ. ಹೀಗಾಗಿ ತರಗತಿಯೇ ಶಿಷ್ಯರ ಹಿಂದೆ ಓಡುತ್ತದೆ. ಮಧ್ಯಾಹ್ನ ಎರಡಕ್ಕೆ ಶಿಫ್ಟು ಬದಲಾಗುವ ಹೊತ್ತಿಗೆ ಟೀ ಅಂಗಡಿಯ ಬೆಂಚಿನ ಮೇಲೆ, ಒಳಗೆ ಹೋಗುವವನಿಗೆ ಹತ್ತು ನಿಮಿಷ, ಹೊರಗೆ ಬರುವವನಿಗೆ ಹತ್ತು ನಿಮಿಷ. ಅವರ ಪರೀಕ್ಷೆಯೂ ಕಾರ್ಖಾನೆಯದೇ. ಪಾಸು, ರೀವರ್ಕು, ಅಷ್ಟೇ. ‘ರಿಜೆಕ್ಟ್ ಅನ್ನೋದು ನಮ್ಮಲ್ಲಿಲ್ಲಪ್ಪ’ ಎಂದು ಟೀ ಗ್ಲಾಸು ಕೆಳಗಿಡುತ್ತಾರೆ. ಈ ಲೇಖಕನಿಗೆ ಎಂಬತ್ತು ಸ್ಲೈಡಿಗಿಂತ ಆ ಬೆಂಚೇ ವಾಸಿ ಅನ್ನಿಸಿದೆ.

ಇವರೆಲ್ಲರಿಗೂ ಫಾರಂ ಎಂದರೆ ಪ್ರೀತಿ. ಹಾಜರಿ ಫಾರಂ, ಪ್ರತಿಕ್ರಿಯೆ ಫಾರಂ, ಪ್ರಾರ್ಥನಾ ವಿನಂತಿಯ ಫಾರಂ. ಒಂದು ಫಾರಂ ಬಗ್ಗೆ ಮಾತ್ರ ದನಿ ತಗ್ಗುತ್ತದೆ. 2022ರ ಕರ್ನಾಟಕದ ಮತಾಂತರ ಕಾಯ್ದೆಯ ಪ್ರಕಾರ, ಬೇರೆ ಧರ್ಮದಿಂದ ಬರಬಯಸುವವರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದುಕೊಡಬೇಕು. ತರಗತಿಯಲ್ಲಿ ಬಹುಪಾಲು ಜನ ತಲೆಮಾರುಗಳಿಂದ ಕ್ರೈಸ್ತರಾದ ಮನೆಗಳವರೇ. ಆದರೂ ಹೊಸಬರು ಯಾರಾದರೂ ಬಂದಾಗ ಬ್ರದರ್ ಮೊದಲ ದಿನವೇ ಪಕ್ಕಕ್ಕೆ ಕರೆದು, ನಗೆಚಾಟಿಕೆ ಬಿಟ್ಟು, ಮನೆಯವರಿಗೆ ಗೊತ್ತೇ, ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳುತ್ತಾರೆ. ಆ ಹತ್ತು ನಿಮಿಷ ಅವರು ಮ್ಯಾನೇಜರಲ್ಲ.

ಹನ್ನೆರಡು ವಾರ ಮುಗಿಸಿ ದಡ ಮುಟ್ಟಿದವರಿಗೆ ನೀರು. ನೀರೇ ಇಲ್ಲಿ ದೊಡ್ಡ ಸಮಸ್ಯೆ. ಬೇರೆ ಕೆಲವು ಸಭೆಗಳಲ್ಲಿ ಹಣೆಗೆ ಚಿಮುಕಿಸಿದರೆ ಆಯಿತು. ಬ್ಯಾಪ್ಟಿಸ್ಟರಿಗೆ ಆಸಾಮಿ ಪೂರ್ತಿ ಮುಳುಗಬೇಕು. 2024ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನ ಬೋರ್‌ವೆಲ್‌ಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಮಾಡಿದಾಗ, ಇವರ ಬ್ಯಾಚಿನಲ್ಲಿ ಐದು ಜನ ಸಿದ್ಧರಾಗಿ ಕೂತಿದ್ದರು. ಈಜುಕೊಳಕ್ಕೂ ಕುಡಿಯುವ ನೀರು ತುಂಬುವ ಹಾಗಿರಲಿಲ್ಲ. ದೀಕ್ಷಾಸ್ನಾನದ ತೊಟ್ಟಿ ಈಜುಕೊಳವೋ ಅಲ್ಲವೋ ಎಂದು ಆಜ್ಞೆಯಲ್ಲಿ ಬರೆದಿರಲಿಲ್ಲ. ಹಿರಿಯರ ಸಭೆ ಕೂತಿತು. ಬ್ರದರ್ ಲೆಕ್ಕ ಒಪ್ಪಿಸಿದರು: ತೊಟ್ಟಿ ಆರಡಿ ಉದ್ದ, ನಾಲ್ಕಡಿ ಅಗಲ, ನೀರು ಮೂರೂವರೆ ಅಡಿ, ಒಟ್ಟು ಸುಮಾರು 2,380 ಲೀಟರು. ಜಿಲ್ಲಾಡಳಿತ ಆಗ ನಿಗದಿ ಮಾಡಿದ್ದ ದರದಲ್ಲಿ ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಹಾಗಾದರೆ ತಲೆಗೆ ಐವತ್ತು ರೂಪಾಯಿಯೂ ಬೀಳುವುದಿಲ್ಲ. ಹಿರಿಯರೊಬ್ಬರು, ‘ಆ ರೇಟಿಗೆ ಟ್ಯಾಂಕರು ಬಂದ್ರೆ ಅದೇ ಒಂದು ಸಾಕ್ಷಿ’ ಎಂದರು.

ಹಾಗೂ ಹೀಗೂ ಟ್ಯಾಂಕರು ಬಂತು, ಬೇರೆ ರೇಟಿಗೆ. ಬಿಳಿ ಬಟ್ಟೆ ತೊಟ್ಟು ಐವರೂ ಸಾಲಾಗಿ ನಿಂತರು. ನರ್ಸು, ಅಕೌಂಟೆಂಟು, ಟೆಂಪೊ ಡ್ರೈವರು ಸರಾಗವಾಗಿ ಮುಗಿಸಿದರು. ನಾಲ್ಕನೆಯವನು ನೂರಹತ್ತು ಕಿಲೋದ ಟೆಕ್ ಲೀಡು. ಪಾಸ್ಟರ್ ಐವತ್ತೈದು ಕಿಲೋ. ಮುಳುಗಿಸುವುದೇನೋ ಆಯಿತು, ಎತ್ತುವುದಕ್ಕೆ ಇಬ್ಬರು ಹಿರಿಯರು ಪ್ಯಾಂಟು ಮಡಿಚದೆಯೇ ತೊಟ್ಟಿಗೆ ಹಾರಿದರು. ಅಷ್ಟರಲ್ಲಿ ಬ್ರದರ್ ಅಂಚಿನಿಂದ, ‘ಪಾಸ್ಟರ್, ಬಲಗೈ ಮೊಣಕೈ ನೀರಿನ ಮೇಲಿತ್ತು’ ಎಂದು ವರದಿ ಮಾಡಿದರು. ಪಾಸ್ಟರ್ ಇವರನ್ನು ಒಮ್ಮೆ ನೋಡಿದರು. ಆ ನೋಟವನ್ನು ಕ್ಷಮಿಸಲು ಸಾಕ್ಷಾತ್ ದೇವರಿಗೇ ಸ್ವಲ್ಪ ಹೊತ್ತು ಬೇಕಾಗಿರಬಹುದು. ಮೊಣಕೈಯನ್ನು ಹಾಗೇ ಬಿಟ್ಟರು. ಐದನೆಯವನಾದ ಗಾರ್ಡು ಕಣ್ಣು ಪೂರ್ತಿ ತೆರೆದುಕೊಂಡಿದ್ದನ್ನು ಸಭೆ ಮೊದಲ ಸಲ ಕಂಡಿತು. ತೊಟ್ಟಿಯ ನೀರು ಮಧ್ಯಾಹ್ನ ಚರಂಡಿಗೆ ಹೋಗಲಿಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಕ್ಯೂರಿಂಗಿಗೆಂದು ಬಕೆಟು ಬಕೆಟು ಹೊತ್ತೊಯ್ದ.

ಇಷ್ಟು ಜನರನ್ನು ನೀರಿನ ತನಕ ತಂದ ಇವರ ಶೀಟಿನಲ್ಲಿ ಒಂದು ಹೆಸರು ಮಾತ್ರ ಯಾವ ಬಣ್ಣವೂ ಇಲ್ಲದೆ ಉಳಿದಿದೆ. ಅದು ಅವರ ಮಗನದು. ಪಿಯುಸಿ ಎರಡನೇ ವರ್ಷ, ಸಭೆಯಲ್ಲಿ ಗಿಟಾರ್ ಬಾರಿಸುತ್ತಾನೆ, ಪ್ರೊಜೆಕ್ಟರ್ ಕೆಟ್ಟರೆ ಸರಿಮಾಡುತ್ತಾನೆ, ಅಪ್ಪನ ಎಂಬತ್ತು ಸ್ಲೈಡುಗಳಲ್ಲಿ ಕಾಗುಣಿತ ತಿದ್ದಿದವನೂ ಅವನೇ. ತರಗತಿಗೆ ಮಾತ್ರ ಕೂತಿಲ್ಲ. ‘ನಂಗಿನ್ನೂ ನಿರ್ಧಾರ ಆಗಿಲ್ಲ ಅಪ್ಪಾ’ ಎಂದು ಒಮ್ಮೆ ಹೇಳಿದ್ದಾನೆ, ಅಷ್ಟೇ. ಎರಡನೇ ಸಲ ಕೇಳುವ ಹಾಗಿಲ್ಲ. ಒತ್ತಾಯದಿಂದ ಬಂದದ್ದು ದೀಕ್ಷಾಸ್ನಾನವೇ ಅಲ್ಲ ಎಂದು ನಾಲ್ಕನೇ ವಾರದ ಹನ್ನೊಂದನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದವರು ಇವರೇ. ಕಾಡುಗೋಡಿಯಿಂದ ವರ್ತೂರಿನವರೆಗೆ ಎಲ್ಲರ ಬೆನ್ನು ಹತ್ತುವ ಮನುಷ್ಯ ಮನೆಯಲ್ಲಿ, ಊಟದ ಮೇಜಿನಲ್ಲಿ, ಉಪ್ಪಿನ ಡಬ್ಬಿ ದಾಟಿಸುತ್ತಾ ಸುಮ್ಮನೆ ಕೂತಿರುತ್ತಾರೆ. ಹೆಂಡತಿಗೆ ಇದರಷ್ಟು ಮಜಾ ಕೊಡುವ ಸಂಗತಿ ಮತ್ತೊಂದಿಲ್ಲ.

ದೀಕ್ಷಾಸ್ನಾನ ಪಡೆದವರೂ ಬಹಳ ದಿನ ನಿಲ್ಲುವುದಿಲ್ಲ. ಇಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿನದು, ಕೆಲಸದ್ದು ಅದಕ್ಕಿಂತ ಕಡಿಮೆ. ಅಕೌಂಟೆಂಟು ಕೊಚ್ಚಿಗೆ ಹೋದ, ಟೆಸ್ಟಿಂಗ್ ಎಂಜಿನಿಯರು ಹೈದರಾಬಾದಿಗೆ. ಸಲೂನ್ ಹುಡುಗಿಯರು ದಿಮಾಪುರಕ್ಕೆ ಹಿಂತಿರುಗಿದರು. ಹೋದವರಿಗೆ ಸಭೆಯಿಂದ ವರ್ಗಾವಣೆ ಪತ್ರ ಕೊಡುತ್ತಾರೆ, ಅಲ್ಲಿನ ಸಭೆಗೆ ತೋರಿಸಲು. ಬ್ರದರ್ ಆ ಪತ್ರದ ಜೊತೆಗೆ ಅಲ್ಲಿನ ಫಾಲೋಅಪ್ ಬ್ರದರನ್ನು ಹುಡುಕಿ ಫೋನ್ ನಂಬರನ್ನೂ ದಾಟಿಸುತ್ತಾರೆ. ಶೀಟಿನಿಂದ ಹೆಸರು ಅಳಿಸುವುದಿಲ್ಲ. ‘ಹೊರ ಊರು’ ಎಂಬ ಇನ್ನೊಂದು ಹಾಳೆಗೆ ಹೋಗುತ್ತದೆ. ಗಾರ್ಡು ಹಳೆಯ ಕಂಪನಿ ಬಿಟ್ಟು ಎಲ್ಲಿಗೆ ಹೋದನೆಂದು ಏಜೆನ್ಸಿಯವರಿಗೆ ಗೊತ್ತಿರಲಿಲ್ಲ, ಮನೆ ಮಾಲೀಕನಿಗೆ ಗೊತ್ತಿರಲಿಲ್ಲ. ಜ್ವರ ಹಿಡಿದು ಮಹದೇವಪುರದ ಒಂದು ಶೆಡ್ಡಿನಲ್ಲಿ ಮಲಗಿದ್ದ ಅವನಿಗೆ ಆ ವಾರ ಬಂದ ಕರೆ ಒಂದೇ. ‘ಬ್ರದರ್, ಎರಡು ವಾರ ಆಯ್ತು. ಹಳದಿ ಆಗಿದೀರಿ’ ಎಂದಿತು ಆ ದನಿ. ಅರ್ಧ ಗಂಟೆಯಲ್ಲಿ ಸ್ಕೂಟರು ಬಂತು, ಗಂಜಿಯ ಫ್ಲಾಸ್ಕಿನ ಸಮೇತ.

ಇನ್ನು ಓದುಗರಿಗೆ ಒಂದು ಮಾತು. ನೀವು ಯಾವ ಮತದವರೇ ಆಗಿರಿ, ಕಾಡುಗೋಡಿಯ ಕಡೆ ಇಸ್ತ್ರಿ ಅಂಗಿ ತೊಟ್ಟ, ನಾಲ್ಕು ಪೆನ್ನಿನ ಒಬ್ಬರು ಟೀ ಕುಡಿಯುತ್ತಾ ಆತ್ಮೀಯವಾಗಿ ‘ನಿಮ್ಮ ನಂಬರ್ ಕೊಡಿ ಬ್ರದರ್’ ಎಂದರೆ ಹಿಂದೆಮುಂದೆ ನೋಡಿ ಕೊಡಿ. ಆಮೇಲೆ ನಂಬರ್ ಬದಲಾಯಿಸಿ ಪ್ರಯೋಜನವಿಲ್ಲ. ಇಬ್ಬರು ಬದಲಾಯಿಸಿ ನೋಡಿದ್ದಾರೆ. ಇಬ್ಬರೂ ಈಗ ಹಸಿರು.